ಗೋಡೆಯೊಳಗಿನ ಹಿಡಿಸೂಡಿ



ಮೂಡುಬಿದಿರೆಯ ನಮ್ಮ ಮನೆಗೆ ಮೊದಲ ಸಲ ಬರುವವರು, ಚಾವಡಿಯಲ್ಲಿ ಕುಳಿತು ನೀರು ಬೆಲ್ಲ ಮುಗಿಸುವಷ್ಟರಲ್ಲಿ, ಗೋಡೆಯ ಬುಡದಲ್ಲಿರುವ ಒಂದು ಬಿಳಿಯ ಮುಚ್ಚಳವನ್ನು ಗಮನಿಸಿರುತ್ತಾರೆ. ಪ್ಲಗ್ ಪಾಯಿಂಟಿಗಿಂತ ತುಸು ದೊಡ್ಡದು. ಎತ್ತಿದರೆ ಒಳಗೊಂದು ಕಪ್ಪು ತೂತು. "ಇದೇನು ಸರ್, ಟೆಲಿಫೋನಿನದ್ದಾ?" ಎಂದು ಕೇಳಿದವರುಂಟು. ಅದು ಕಸ ಗುಡಿಸುವ ಯಂತ್ರದ ಬಾಯಿ. ಹೊಟ್ಟೆ ಮನೆಯ ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿದೆ. ನಡುವಿನ ಗಂಟಲು ಗೋಡೆಯೊಳಗೆ ಹುದುಗಿದೆ. ಇಂಗ್ಲಿಷಿನವರು ಇದನ್ನು ಸೆಂಟ್ರಲ್ ವ್ಯಾಕ್ಯೂಮ್ ಎಂದು ಕರೆಯುತ್ತಾರೆ. ಇತ್ತೀಚೆಗೆ ಮನೆ ಕಟ್ಟಿಸುತ್ತಿರುವ ಇಬ್ಬರು ಹಳೆಯ ವಿದ್ಯಾರ್ಥಿಗಳು ಇದರ ಕುರಿತು ವಿಚಾರಿಸಿದ್ದರಿಂದ, ತಿಳಿದಷ್ಟನ್ನು ಒಮ್ಮೆಗೇ ಬರೆದಿಡುವುದು ಲೇಸೆಂದು ಕುಳಿತಿದ್ದೇನೆ. ಅವರು ಕೇಳಿದ್ದು ಮೋಟಾರಿನ ಬಗ್ಗೆ. ಆದರೆ ನಾನು ದೂಳಿನಿಂದ ಆರಂಭಿಸದೆ ಮೋಟಾರಿಗೆ ಬರಲಾರೆ.

೧೯೭೪ರ ಜುಲೈಯಲ್ಲಿ ನೇತ್ರಾವತಿಗೆ ದೊಡ್ಡ ನೆರೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಬಂಟ್ವಾಳ ಪೇಟೆಯ ಹೊಳೆಬದಿಯಲ್ಲಿ ನಮ್ಮ ಮನೆಯಿತ್ತು. ನೀರಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನೀರು ಇಳಿದ ಮೇಲಿನ ಕಥೆಯನ್ನು ಹೇಳುವವರು ಕಡಿಮೆ. ಮನೆಯೊಳಗೆ ಮೊಣಗಂಟಿನವರೆಗೆ ಕೆಸರು. ಅದನ್ನು ಗೋರಿ ತೆಗೆದು, ತೊಳೆದು, ಸೆಗಣಿ ಸಾರಿಸಿ ಮುಗಿಯಿತೆಂದುಕೊಂಡೆವು. ಮಳೆ ಬಿಟ್ಟು ಬಿಸಿಲು ಬಂದಾಗ ಮಾಡಿನ ಸಂದು, ಕಿಟಕಿಯ ಚೌಕಟ್ಟು, ಪೆಟ್ಟಿಗೆಗಳ ಅಡಿ, ಎಲ್ಲೆಲ್ಲಿ ಆ ಕೆಸರು ಉಳಿದಿತ್ತೋ ಅಲ್ಲೆಲ್ಲ ಒಣಗಿ ಹಿಟ್ಟಿನಂತಾಯಿತು. ಅಮ್ಮ ದಿನಕ್ಕೆ ಮೂರು ಸಲ ಗುಡಿಸುತ್ತಿದ್ದರು. ಗುಡಿಸಿದಷ್ಟೂ ಅದು ಏಳುತ್ತಿತ್ತು, ಅಟ್ಟದ ಕಿಂಡಿಯ ಬಿಸಿಲುಕೋಲಿನಲ್ಲಿ ಕುಣಿಯುತ್ತಿತ್ತು, ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ನೆಲಕ್ಕೆ ಬಂದು ಕುಳಿತಿರುತ್ತಿತ್ತು. ಹಿಡಿಸೂಡಿಯು ಕಸವನ್ನು ಹೊರಗೆ ಹಾಕುತ್ತದೆ, ದೂಳನ್ನು ಮಾತ್ರ ಜಾಗ ಬದಲಿಸುತ್ತದೆ ಎಂಬುದನ್ನು ನಾನು ಆಗ ಕಣ್ಣಾರೆ ಕಂಡೆ. ಕಂಡರೂ ಕಲಿಯಲಿಲ್ಲ. ಅದಕ್ಕೆ ಮುಂದಿನ ಪ್ಯಾರಾವೇ ಸಾಕ್ಷಿ.

೧೯೮೪ರಲ್ಲಿ ನಾನು ಬೆಳ್ತಂಗಡಿ ತಾಲೂಕಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಂದಿನ ಕ್ರಮದಂತೆ ಬೆಳಗ್ಗೆ ಪ್ರಾರ್ಥನೆಗೆ ಮೊದಲು ಮಕ್ಕಳೇ ಸರದಿಯಂತೆ ತರಗತಿಯನ್ನು ಗುಡಿಸಬೇಕಾಗಿತ್ತು. ಏಳನೆಯ ತರಗತಿಯ ಒಬ್ಬ ಹುಡುಗ ತನ್ನ ಸರದಿಯ ದಿನ ತಪ್ಪದೆ ತಡವಾಗಿ ಬರುತ್ತಿದ್ದ. ಸೋಮಾರಿತನವೆಂದು ತೀರ್ಮಾನಿಸಿ, ಎರಡು ದಿನ ಅವನೊಬ್ಬನಿಂದಲೇ ಇಡೀ ಕೋಣೆಯನ್ನು ಗುಡಿಸಿದೆ. ಎರಡನೆಯ ದಿನ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತು ಉಸಿರೆಳೆಯುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮರುದಿನ ಅವನ ತಂದೆ ಬಂದರು. ಬೈಯಲಿಲ್ಲ. ತಲೆಯ ಮುಟ್ಟಾಳೆ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಮಾಸ್ಟ್ರೇ, ಅವನಿಗೆ ದೂಳು ಆಗುವುದಿಲ್ಲ" ಎಂದಷ್ಟೇ ಹೇಳಿದರು. ಆ ವರ್ಷ ಮುಗಿಯುವವರೆಗೆ ಆ ಹುಡುಗನಿಗೆ ಗುಡಿಸುವುದರಿಂದ ವಿನಾಯಿತಿ ಕೊಟ್ಟೆ. ಇತರರು ಗುಡಿಸುವಾಗ ಅವನು ಹೊರಗಿನ ಕಟ್ಟೆಯಲ್ಲಿ ಕುಳಿತಿರುತ್ತಿದ್ದ.

ಮುಂದೆ ನನ್ನ ಪತ್ನಿಗೇ ಉಬ್ಬಸ ಶುರುವಾಯಿತು. ಅಡಿಕೆ ಸುಲಿಯುವ ಕಾಲ ಬಂತೆಂದರೆ ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತೇ ಕಳೆಯುವಳು. ೧೯೯೬ರಲ್ಲಿ, ಸಾಲ ಮಾಡಿ, ಮನೆಗೆ ಬಂದು ತೋರಿಸಿದವನಿಂದ ಒಂದು ವ್ಯಾಕ್ಯೂಮ್ ಕ್ಲೀನರ್ ಕೊಂಡೆ. ಕಂಪನಿಯ ಹೆಸರು ಬೇಡ. ಆತ ನಮ್ಮ ಹಾಸಿಗೆಯಿಂದಲೇ ಎಳೆದ ದೂಳನ್ನು ಬಿಳಿಯ ಬಟ್ಟೆಯ ಮೇಲೆ ಸುರಿದು ತೋರಿಸಿದಾಗ ನಮಗೆ ನಾಚಿಕೆಯಾಯಿತು. ನಾಚಿಕೆಯಿಂದಲೇ ವ್ಯಾಪಾರ ಕುದುರಿತು. ಯಂತ್ರ ಚೆನ್ನಾಗಿ ಎಳೆಯುತ್ತಿತ್ತು. ಆದರೆ ಎಳೆದ ಗಾಳಿಯನ್ನು ಬೆನ್ನಿನ ಕಿಂಡಿಯಿಂದ ಅದೇ ಕೋಣೆಗೆ ಬಿಡುತ್ತಿತ್ತು, ಬಿಸಿಯಾಗಿ, ಹಳೆಯ ಗೋಣಿಯ ವಾಸನೆಯೊಂದಿಗೆ. ಬಟ್ಟೆಯ ಚೀಲ ಕಸವನ್ನು ಹಿಡಿಯಿತು, ಕಣ್ಣಿಗೆ ಕಾಣದ ನಯವಾದ ದೂಳನ್ನು ಬಿಟ್ಟಿತು. ಒಂದು ವಾರದಲ್ಲಿ ನನ್ನಾಕೆ, "ಇದು ನಿಮ್ಮ ಕರೆಂಟಿನ ಹಿಡಿಸೂಡಿ" ಎಂದು ಅದನ್ನು ಅಟ್ಟಕ್ಕೇರಿಸಿದಳು.

೨೦೧೬ರಲ್ಲಿ, ನಿವೃತ್ತಿಯ ಮರುವರ್ಷ, ಕೆನಡಾದ ಬ್ರಾಂಪ್ಟನ್ನಿನಲ್ಲಿರುವ ಮಗಳ ಮನೆಗೆ ಹೋದೆವು. ಅಲ್ಲಿ ಮೊದಲ ಬಾರಿಗೆ ಗೋಡೆಯ ಮುಚ್ಚಳ ನೋಡಿದೆ. ಮಗಳು ಮೂವತ್ತು ಅಡಿಯ ಕೊಳವೆಯ ತುದಿಯನ್ನು ಅದಕ್ಕೆ ಸಿಕ್ಕಿಸಿದಳು. ಎಲ್ಲೋ ದೂರದಲ್ಲಿ ಒಂದು ಗುಂಯ್‌ಗುಡುವ ಸದ್ದು. ಕೋಣೆಯಲ್ಲಿ ಗಾಳಿ ಹರಿಯುವ ಸದ್ದು ಬಿಟ್ಟರೆ ಮೌನ. ಯಂತ್ರವನ್ನು ನೋಡಬೇಕೆಂದು ಗ್ಯಾರೇಜಿಗೆ ಹೋದೆ. ಗೋಡೆಗೆ ತೂಗುಹಾಕಿದ ಹಂಡೆಯಂತಹ ಒಂದು ಪಾತ್ರೆ, ಅದರ ನೆತ್ತಿಯಲ್ಲಿ ಮೋಟಾರು. ಅದನ್ನು ನೋಡುತ್ತಿದ್ದಂತೆ ಬಂಟ್ವಾಳದ ಅಕ್ಕಿ ಗಿರಣಿ ಕಣ್ಣ ಮುಂದೆ ಬಂತು. ಗಿರಣಿಯೊಳಗೆ ಭತ್ತ ಬೀಳುತ್ತಿತ್ತು; ಉಮಿಯನ್ನು ಮಾತ್ರ ಒಂದು ಬೀಸಣಿಗೆ ತಗಡಿನ ಕೊಳವೆಯ ಮೂಲಕ ಗೋಡೆಯಾಚೆಗೆ ಎಸೆಯುತ್ತಿತ್ತು. ಹುಡುಗರಾದ ನಾವು ಆ ಉಮಿರಾಶಿಯ ಮೇಲೆ ಹಾರಿ ಅಪ್ಪನಿಂದ ಏಟು ತಿಂದವರು. ಬೇಡವಾದುದನ್ನು ಗೋಡೆಯ ಆಚೆಗೆ ಹಾಕಬೇಕೆಂಬ ಬುದ್ಧಿ ನಮ್ಮ ಗಿರಣಿಗೆ ಮೊದಲೇ ಇತ್ತು, ಮನೆಗೆ ಬರಲಿಲ್ಲ, ಅಷ್ಟೆ.

ಊರಿಗೆ ಮರಳಿದ ಮೇಲೆ ಚರಿತ್ರೆ ಹುಡುಕಿ ಓದಿದೆ. ಆಶ್ಚರ್ಯವೆಂದರೆ, ದೂಳೆಳೆಯುವ ಯಂತ್ರವು ಹುಟ್ಟುವಾಗಲೇ ಮನೆಯ ಹೊರಗಿತ್ತು. ೧೯೦೧ರಲ್ಲಿ ಲಂಡನ್ನಿನ ಇಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬಾತ, ದೂಳನ್ನು ಊದಿ ಹಾರಿಸುವ ಒಂದು ಯಂತ್ರದ ಪ್ರದರ್ಶನ ನೋಡಿ, ಊದುವ ಬದಲು ಎಳೆಯಬಾರದೇಕೆ ಎಂದು ಯೋಚಿಸಿದ. ಹೋಟೆಲಿನ ಮೆತ್ತೆಯ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಬಾಯಿಯಿಂದ ಉಸಿರೆಳೆದು, ಬಟ್ಟೆಗೆ ಅಂಟಿದ ಕರಿಯನ್ನು ನೋಡಿ ಖಚಿತ ಮಾಡಿಕೊಂಡನಂತೆ. (ಕೆಮ್ಮಿ ಸುಸ್ತಾದನೆಂದೂ ಓದಿದ್ದೇನೆ.) ಅವನು ಕಟ್ಟಿದ ಯಂತ್ರ ಕುದುರೆ ಗಾಡಿಯ ಮೇಲಿನ ಪೆಟ್ರೋಲ್ ಎಂಜಿನ್ನು. ಅದು ಬೀದಿಯಲ್ಲಿ ನಿಲ್ಲುತ್ತಿತ್ತು, ಕೊಳವೆಗಳು ಮಾತ್ರ ಕಿಟಕಿಯ ಮೂಲಕ ಒಳಗೆ ಹೋಗುತ್ತಿದ್ದವು. ೧೯೦೨ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರತ್ನಗಂಬಳಿಗಳನ್ನು ಶುಚಿಗೊಳಿಸಿದ್ದು ಇದೇ ಯಂತ್ರ. ಅದೇ ವರ್ಷ ಅಮೆರಿಕದ ಪಿಟ್ಸ್‌ಬರ್ಗಿನ ಫ್ರಿಕ್ ಕಟ್ಟಡದಲ್ಲಿ ಡೇವಿಡ್ ಕೆನ್ನಿ ಎಂಬಾತ ಸ್ಥಿರವಾದ ಯಂತ್ರವನ್ನಿಟ್ಟು ಕಟ್ಟಡದ ಎಲ್ಲೆಡೆಗೆ ಕೊಳವೆ ಎಳೆದ. ಈಗ ನನ್ನ ಗೋಡೆಯಲ್ಲಿರುವುದು ಅದರ ಮೊಮ್ಮಗು.

ಹಾಗಾದರೆ ಯಂತ್ರವನ್ನು ಮನೆಯೊಳಗೆ ತಂದವರಾರು? ಓಹಾಯೋ ರಾಜ್ಯದ ಕ್ಯಾಂಟನ್ ಪಟ್ಟಣದ ಒಂದು ದೊಡ್ಡ ಅಂಗಡಿಯಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಆತನಿಗೆ ಉಬ್ಬಸವಿತ್ತು. ಗುಡಿಸಿದ ದೂಳಿನಿಂದಲೇ ತನ್ನ ಕೆಮ್ಮು ಹೆಚ್ಚುತ್ತಿದೆಯೆಂದು ಸಂಶಯಪಟ್ಟು, ೧೯೦೭ರಲ್ಲಿ ಒಂದು ಫ್ಯಾನಿನ ಮೋಟಾರು, ಹಿಡಿಸೂಡಿಯ ಕೋಲು, ದಿಂಬಿನ ಚೀಲ ಇವುಗಳನ್ನು ಸೇರಿಸಿ ಕೈಯಲ್ಲಿ ತಳ್ಳುವ ಯಂತ್ರ ಮಾಡಿದ. ೧೯೦೮ರಲ್ಲಿ ಪೇಟೆಂಟ್ ದೊರೆಯಿತು. ಅದನ್ನು ಕೊಂಡ ಹೂವರ್ ಕುಟುಂಬದ ಹೆಸರೇ ಲೋಕಪ್ರಸಿದ್ಧವಾಯಿತು. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಗುಡಿಸಲಾರದ ಒಬ್ಬ ಮನುಷ್ಯ ಅಲ್ಲಿ ಯಂತ್ರ ಕಟ್ಟಿದ. ನನ್ನ ತರಗತಿಯಲ್ಲಿ ಗುಡಿಸಲಾರದವನನ್ನು ನಾನು ಸೋಮಾರಿಯೆಂದೆ.

೨೦೧೮ರಲ್ಲಿ ಮೂಡುಬಿದಿರೆಯಲ್ಲಿ ಮನೆಯ ಕೆಲಸ ಆರಂಭವಾಯಿತು. ಮಗಳು ಅಲ್ಲಿಂದಲೇ ಯಂತ್ರ ಕಳುಹಿಸುತ್ತೇನೆಂದಳು. ನಮ್ಮ ವಯರಿಂಗ್ ಮಾಡುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಅವನು ಕ್ಯಾಟಲಾಗನ್ನು ತಿರುವಿ, "ಸರ್, ಇದು ೧೨೦ ವೋಲ್ಟಿನದ್ದು. ನಮ್ಮಲ್ಲಿ ೨೩೦. ಹಾಕಿದ ಕೂಡಲೇ ಹೊಗೆ ಬರುತ್ತದೆ" ಎಂದ. ಅಲ್ಲಿಂದ ಮುಂದೆ ಮೂರು ವಾರ ಸಂಜೆ ಚಹಾದ ಹೊತ್ತಿಗೆ ನಮ್ಮಿಬ್ಬರದ್ದೂ ಮೋಟಾರಿನದ್ದೇ ಚರ್ಚೆ. ಗುರು ಯಾರು ಶಿಷ್ಯ ಯಾರು ಎಂಬುದು ಮರೆತೇ ಹೋಯಿತು.

ಬಾವಿಯ ಪಂಪಿನಲ್ಲಿರುವುದು ಇಂಡಕ್ಷನ್ ಮೋಟಾರು. ನಮ್ಮ ೫೦ ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ನಿಮಿಷಕ್ಕೆ ೩,೦೦೦ ಸುತ್ತನ್ನು ಮೀರಲಾರದು. ಆದರೆ ಅಂಗೈಯಗಲದ ಬೀಸಣಿಗೆಯಿಂದ ಬಲವಾದ ಎಳೆತ ಬರಬೇಕಾದರೆ ನಿಮಿಷಕ್ಕೆ ಇಪ್ಪತ್ತು ಸಾವಿರದ ಆಸುಪಾಸಿನ ವೇಗ ಬೇಕು. ಅದಕ್ಕಾಗಿ ಇಲ್ಲಿ ಯೂನಿವರ್ಸಲ್ ಮೋಟಾರನ್ನು ಬಳಸುತ್ತಾರೆ. ನಮ್ಮ ಅಡುಗೆಮನೆಯ ಮಿಕ್ಸಿಯಲ್ಲಿರುವುದೂ ಅದೇ. ಚಟ್ನಿ ಅರೆಯುವಾಗ ಬುಡದಲ್ಲಿ ಕಾಣುವ ನೀಲಿ ಕಿಡಿ ಅದರ ಕಾರ್ಬನ್ ಬ್ರಷ್ಷಿನದ್ದು. ಇದರಲ್ಲಿ ನಮ್ಮ ಊರಿಗೊಂದು ಅನುಕೂಲವಿದೆ. ವೋಲ್ಟೇಜ್ ಇಳಿದಾಗ ಪಂಪಿನ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯೇರಿ ಸುಟ್ಟುಹೋಗುತ್ತದೆ. ಬೀಸಣಿಗೆ ತಿರುಗಿಸುವ ಯೂನಿವರ್ಸಲ್ ಮೋಟಾರು ಸುಮ್ಮನೆ ನಿಧಾನವಾಗುತ್ತದೆ. ಬ್ರಷ್ ಇಲ್ಲದ ಹೊಸ ಮೋಟಾರುಗಳೂ ಬಂದಿವೆ. ಬಾಳಿಕೆ ಹೆಚ್ಚು, ಸದ್ದು ಕಡಿಮೆ. ಆದರೆ ಅವುಗಳ ಪ್ರಾಣ ಒಂದು ಇಲೆಕ್ಟ್ರಾನಿಕ್ ಹಲಗೆಯಲ್ಲಿದೆ. ನಮ್ಮ ಕಡೆಯ ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಆ ಹಲಗೆ ಹೋದರೆ ರಿಪೇರಿಗೆ ಎಲ್ಲಿಗೆ ಹೋಗುವುದು? ಕಾರ್ಬನ್ ಬ್ರಷ್ ಕೆಲವು ನೂರು ಗಂಟೆಗಳಲ್ಲಿ, ಹೆಚ್ಚೆಂದರೆ ಸಾವಿರ ಗಂಟೆಯ ಸುಮಾರಿಗೆ ಸವೆಯುತ್ತದೆ. ಮಿಕ್ಸಿ ರಿಪೇರಿಯವನೂ ಅದನ್ನು ಬದಲಿಸಬಲ್ಲ. ಹಳೆಯದನ್ನೇ ಆರಿಸಿದೆವು.

ಮುಖ್ಯವಾದ ಪ್ರಶ್ನೆ ಇನ್ನೊಂದಿದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. ಇಷ್ಟು ವೇಗದ ಮೋಟಾರು ಬಿಸಿಯಾಗುತ್ತದೆ, ತಂಪು ಮಾಡಲು ಗಾಳಿ ಬೇಕು. ಆ ಗಾಳಿ ಎಲ್ಲಿಯದು? ಒಂದು ಬಗೆಯಲ್ಲಿ, ಮನೆಯಿಂದ ಎಳೆದ ಗಾಳಿಯೇ ಸೋಸಿಕೊಂಡು ಮೋಟಾರಿನ ಸುರುಳಿಗಳ ನಡುವಿನಿಂದ ಹಾದು ಹೋಗುತ್ತದೆ. ಇದಕ್ಕೆ ಫ್ಲೋ-ಥ್ರೂ ಎಂದು ಹೆಸರು. ಹಗುರ, ಅಗ್ಗ, ಎಳೆತದಲ್ಲೂ ಕಡಿಮೆಯಿಲ್ಲ. ಆದರೆ ಸೋಸಲಾಗದ ನಯವಾದ ದೂಳು, ಮಳೆಗಾಲದ ತೇವ, ಯಾರಾದರೂ ತಪ್ಪಿ ಒದ್ದೆ ನೆಲದಲ್ಲಿ ಎಳೆದರೆ ಆ ನೀರು, ಎಲ್ಲವೂ ಮೋಟಾರಿನ ಹೊಟ್ಟೆಗೇ. ಕೊಳವೆ ಕಟ್ಟಿಕೊಂಡರೆ ತಂಪುಗಾಳಿಯೂ ನಿಂತಂತೆ. ಇನ್ನೊಂದು ಬಗೆ ಬೈಪಾಸ್. ಇದರಲ್ಲಿ ಮೋಟಾರಿಗೆ ಬೇರೆಯೇ ಒಂದು ಪುಟ್ಟ ಫ್ಯಾನು ಕೊಠಡಿಯ ಗಾಳಿ ಬೀಸುತ್ತದೆ. ದೂಳಿನ ಗಾಳಿ ಮೋಟಾರನ್ನು ಮುಟ್ಟದೆ ಪಕ್ಕದಿಂದ ಹೋಗುತ್ತದೆ. ಇದರಲ್ಲೂ ಎರಡು ವಿಧ. ಪೆರಿಫೆರಲ್ ಎಂಬುದರಲ್ಲಿ ದೂಳಿನ ಗಾಳಿ ಯಂತ್ರದ ಸುತ್ತಲಿನ ಕಿಂಡಿಗಳಿಂದೆಲ್ಲ ಚೆದುರುತ್ತದೆ. ಟ್ಯಾಂಜೆನ್ಶಿಯಲ್ ಎಂಬುದರಲ್ಲಿ ಅದು ಕೊಂಬಿನಂತಹ ಒಂದೇ ಬಾಯಿಯಿಂದ ಹೊರಬರುತ್ತದೆ. ಒಂದೇ ಬಾಯಿಯಾದರೆ ಅದಕ್ಕೊಂದು ಕೊಳವೆ ಜೋಡಿಸಿ ಎಲ್ಲಿಗೆ ಬೇಕೋ ಅಲ್ಲಿಗೆ ಒಯ್ಯಬಹುದಲ್ಲವೇ? ನನಗೆ ಬೇಕಾಗಿದ್ದುದು ಅದೇ. ಬೆಲೆ ಸ್ವಲ್ಪ ಹೆಚ್ಚು. ಕೊಟ್ಟೆ.

ಇನ್ನು ಎಷ್ಟು ಶಕ್ತಿ ಎಂಬುದು. ಜಾಹೀರಾತಿನ ವಾಟ್ ಎಂದರೆ ಯಂತ್ರ ತಿನ್ನುವ ವಿದ್ಯುತ್ತು, ಮಾಡುವ ಕೆಲಸವಲ್ಲ. ಯೂರೋಪಿನ ಒಕ್ಕೂಟವು ೨೦೧೪ರಲ್ಲಿ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರುಗಳಿಗೆ ೧,೬೦೦ ವಾಟ್, ೨೦೧೭ರಲ್ಲಿ ೯೦೦ ವಾಟ್ ಮಿತಿ ಹಾಕಿದ ಮೇಲೂ ಅಲ್ಲಿನ ಮನೆಗಳು ಶುಚಿಯಾಗಿಯೇ ಇವೆ. ನೋಡಬೇಕಾದದ್ದು ಏರ್‌ವಾಟ್. ನಿಮಿಷಕ್ಕೆ ಹರಿಯುವ ಗಾಳಿಯ ಘನ ಅಡಿಗಳನ್ನು, ಆ ಎಳೆತ ಮೇಲೆತ್ತಬಲ್ಲ ನೀರಿನ ಎತ್ತರದ ಅಂಗುಲಗಳಿಂದ ಗುಣಿಸಿ, ೮.೫ರಿಂದ ಭಾಗಿಸಿ. ಇಲ್ಲಿ ಮೋಸವೊಂದಿದೆ. ಗಾಳಿ ೧೦೨, ಎಳೆತ ೧೨೦ ಎಂದು ಎರಡರ ಗರಿಷ್ಠವನ್ನೂ ಬರೆದಿರುತ್ತಾರೆ. ಗುಣಿಸಿದರೆ ೧,೪೪೦ ಬರುತ್ತದೆ. ಆದರೆ ಕೊಳವೆಯ ಬಾಯಿಗೆ ಅಂಗೈ ಮುಚ್ಚಿದಾಗ ಎಳೆತ ಗರಿಷ್ಠ, ಗಾಳಿ ಸೊನ್ನೆ. ಪೂರ್ತಿ ತೆರೆದಾಗ ಗಾಳಿ ಗರಿಷ್ಠ, ಎಳೆತ ಹೆಚ್ಚುಕಡಿಮೆ ಸೊನ್ನೆ. ಎರಡೂ ಅರ್ಧರ್ಧ ಇರುವಲ್ಲಿ ಲೆಕ್ಕ ಹಾಕಿದರೆ ೫೧ ಗುಣಿಸು ೬೦ ಭಾಗಿಸು ೮.೫, ಅಂದರೆ ೩೬೦. ಜಾಹೀರಾತಿನ ಕಾಲು ಭಾಗ. ನಾನಿದನ್ನು ಕಾಗದದ ಮೇಲೆ ಬಿಡಿಸುತ್ತಿದ್ದಾಗ ನನ್ನ ವಿದ್ಯಾರ್ಥಿ, "ಪಂಪಿನ ಹೆಡ್ ಮತ್ತು ಡಿಸ್ಚಾರ್ಜ್ ಹಾಗೆಯೇ ಅಲ್ಲವಾ ಸರ್?" ಎಂದ. ಹೌದು, ಅದೇ. ಅಡಿಕೆ ತೋಟವಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಸಣಿಗೆಗಳನ್ನು ಒಂದರ ಮೇಲೊಂದು ಎರಡು ಮೂರು ಅಂತಸ್ತಾಗಿ ಇಟ್ಟರೆ ಎಳೆತ ಹೆಚ್ಚುತ್ತದೆ. ಒಂದೇ ಇದ್ದರೆ ಗಾಳಿ ಹೆಚ್ಚು. ಉದ್ದ ಕೊಳವೆಯ ಮನೆಗೆ ನಾವು ಎರಡು ಅಂತಸ್ತಿನದ್ದನ್ನು ಆಯ್ದೆವು.

ಕೊಳವೆಯ ಕೆಲಸ ಸಾರಣೆಗೆ ಮೊದಲೇ ಆಗಬೇಕು. ಕೆನಡಾದಲ್ಲಿ ಮರದ ಚೌಕಟ್ಟಿನ ಪೊಳ್ಳು ಗೋಡೆ, ಆಮೇಲೆಯೂ ಇಳಿಬಿಡಬಹುದು. ನಮ್ಮದು ಕೆಂಪುಕಲ್ಲು, ಕಡಿದು ಕಾಲುವೆ ಮಾಡಬೇಕು. ಎರಡಂಗುಲದ ಕೊಳವೆ, ಜೊತೆಗೆ ೨೪ ವೋಲ್ಟಿನ ತೆಳುವಾದ ತಂತಿ. ಮುಚ್ಚಳಕ್ಕೆ ಕೊಳವೆ ಸಿಕ್ಕಿಸಿದೊಡನೆ ಯಂತ್ರಕ್ಕೆ ಸೂಚನೆ ಹೋಗುವುದು ಅದರಿಂದ. ನೀರಿನ ಪೈಪಿನ ಚೂಪು ಮೂಲೆಯ ಎಲ್ಬೋ ಇಲ್ಲಿ ಕೂಡದು, ಕಸ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಕಾದ ಬಾಗು ಇಲ್ಲಿ ಸಿಗದೆ, ನನ್ನ ವಿದ್ಯಾರ್ಥಿ ೪೫ ಡಿಗ್ರಿಯ ಎರಡನ್ನು ಸೇರಿಸಿ ಬಾಗಿಸಿದ. ಮುಚ್ಚಳದ ಹಿಂದಿನ ಬಾಗು ಮಾತ್ರ ಬೇಕೆಂದೇ ಚೂಪಾಗಿರಬೇಕು: ಪೆನ್ಸಿಲು ಗಿನ್ಸಿಲು ಹೋದರೆ ಕೈಗೆ ಸಿಗುವಲ್ಲೇ ನಿಲ್ಲಲಿ ಎಂದು. ಅಂಟನ್ನು ಒಳಹೋಗುವ ಕೊಳವೆಯ ಹೊರಮೈಗೆ ಹಚ್ಚಬೇಕು. ಎದುರಿನ ತುಂಡಿನ ಒಳಮೈಗೆ ಹಚ್ಚಿದರೆ ಒಸರಿ ಒಳಗೆ ಗಂಟಾಗುತ್ತದೆ, ಕೂದಲು ಅದಕ್ಕೇ ಸುತ್ತಿಕೊಳ್ಳುತ್ತದೆ. ಯಂತ್ರಕ್ಕೆ ಪ್ರತ್ಯೇಕ ಲೈನು, ೧೬ ಆಂಪಿಯರಿನ ಸಾಕೆಟ್ಟು. ಸಿಡಿಲಿನ ಮೋಡ ಕಂಡರೆ ಪ್ಲಗ್ ಕಿತ್ತಿಡುವುದು ನನ್ನ ಕೆಲಸ.

೨೦೧೯ರ ಆರಂಭದಲ್ಲಿ ಮನೆಯೊಕ್ಕಲಾಯಿತು. ನೆರೆಮನೆಯ ಜೈನ ಅಮ್ಮನವರು ಯಂತ್ರವನ್ನು ಕುತೂಹಲದಿಂದ ನೋಡಿ, "ಮಾಸ್ಟ್ರೇ, ಇರುವೆಗಳ ಗತಿ ಏನು?" ಎಂದು ಕೇಳಿದರು. ಅವರ ಮುನಿಗಳು ನವಿಲುಗರಿಯ ಪಿಂಛಿಯಿಂದ ನೆಲವನ್ನು ಸವರಿ ಕೂರುವವರು. ನನ್ನಲ್ಲಿ ಉತ್ತರವಿರಲಿಲ್ಲ. ಇರುವೆ ಸಾಲು ಕಂಡಲ್ಲಿ ಈಗಲೂ ಮೆತ್ತನೆಯ ಹುಲ್ಲಿನ ಹಿಡಿಸೂಡಿಯೇ. ಕೆಲಸಕ್ಕೆ ಬರುವ ಅಕ್ಕ ಮೊದಲು ಇದನ್ನು ಹಾವೆಂದು ಕರೆದು ದೂರವಿಟ್ಟರು. ಬೆನ್ನು ಬಗ್ಗಿಸಬೇಕಾಗಿಲ್ಲವೆಂದು ತಿಳಿದ ಮೇಲೆ ನನ್ನ ಕೈಗೆ ಕೊಡುವುದಿಲ್ಲ.

ಆ ಒಕ್ಕಲಿಗೆ ೧೯೮೪ರ ಆ ಹುಡುಗನೂ ಬಂದಿದ್ದ. ತಲೆ ನರೆತಿದೆ. ಜೇಬಿನಲ್ಲಿ ಇನ್‌ಹೇಲರ್ ಇತ್ತು. ಕೊಟ್ಟಿಗೆಗೆ ಕರೆದೊಯ್ದು ಎಲ್ಲವನ್ನೂ ತೋರಿಸಿ, ಹೇಳಬೇಕಾದುದನ್ನು ಕೊನೆಗೂ ಹೇಳಿದೆ. ಅವನು ನಕ್ಕ. "ಗುಡಿಸಿದ್ದು ಎರಡು ದಿನ ಸರ್, ಅದು ಮರೆತು ಹೋಗಿತ್ತು. ಆಮೇಲೆ ವರ್ಷವಿಡೀ ನನ್ನೊಬ್ಬನನ್ನೇ ಹೊರಗೆ ಕೂರಿಸಿದಿರಲ್ಲ, ಮಕ್ಕಳೆಲ್ಲ ನೋಡುತ್ತಿದ್ದರು. ಅದು ಮರೆಯಲಿಲ್ಲ" ಎಂದ. ನಾನು ದಯೆಯೆಂದು ತಿಳಿದಿದ್ದುದು ಅದನ್ನೇ. ಬಾವಿಯಿಂದ ನೀರು ತರುವ ಕೆಲಸವನ್ನೋ, ಕಪ್ಪುಹಲಗೆಗೆ ಮಸಿ ಬಳಿಯುವ ಕೆಲಸವನ್ನೋ ಕೊಡಬಹುದಿತ್ತು. ಹೊಳೆಯಲಿಲ್ಲ.

ಯಂತ್ರಕ್ಕೆ ಒಮ್ಮೆ ಮಾತ್ರ ತೊಂದರೆ ಬಂದಿದೆ. ೨೦೨೧ರ ಮಳೆಗಾಲದ ನಂತರ ಒಂದು ದಿನ ಎಳೆತವೇ ಇಲ್ಲ. ಸದ್ದು ಮಾತ್ರ ಎಂದಿಗಿಂತ ಕೀರಲು. ಗಾಳಿ ಹರಿಯದಿದ್ದರೆ ಬೀಸಣಿಗೆಗೆ ಹೊರೆ ಕಡಿಮೆ, ವೇಗ ಹೆಚ್ಚು. ಆದ್ದರಿಂದ ಎಲ್ಲೋ ಕಟ್ಟಿದೆಯೆಂದು ಗೊತ್ತಾಯಿತು. ಹೋಗಿ ನೋಡಿದರೆ, ತೋಟದ ಕಡೆ ತೆರೆದಿದ್ದ ಕೊಂಬಿನ ಕೊಳವೆಯ ಬಾಯಿಗೆ ಕಣಜವೊಂದು ಮಣ್ಣಿನಿಂದ ಅಚ್ಚುಕಟ್ಟಾಗಿ ಗೂಡು ಕಟ್ಟಿದೆ. ಅಕ್ಕ ಅರ್ಧ ಗಂಟೆ ಹಾಗೆಯೇ ಓಡಿಸಿದ್ದರು. ಮೋಟಾರಿನ ಮೈ ಮುಟ್ಟಿ ನೋಡಿದೆ, ಎಂದಿನಷ್ಟೇ ಬಿಸಿ. ತನ್ನದೇ ಗಾಳಿಯಿದ್ದ ಮೋಟಾರಾದುದರಿಂದ ಉಳಿಯಿತು. ಈಗ ಆ ಬಾಯಿಗೆ ಒಂದು ತುಂಡು ಬಲೆ ಕಟ್ಟಿದ್ದೇನೆ.

ನನ್ನಾಕೆಯ ಉಬ್ಬಸ ಗುಣವಾಗಿಲ್ಲ, ಹಾಗೆಂದು ಯಾರೂ ತಿಳಿಯಬೇಡಿ. ಔಷಧ ನಡೆದಿದೆ. ಗೋಡೆಗೊರಗಿ ಕುಳಿತು ಕಳೆಯುವ ರಾತ್ರಿಗಳು ಕಡಿಮೆಯಾಗಿವೆ. ಮನೆ ಕಟ್ಟಿಸುವವರಿದ್ದರೆ ಸಾರಣೆಗೆ ಮೊದಲು ಒಮ್ಮೆ ಬಂದು ನೋಡಿಕೊಂಡು ಹೋಗಿ. ಕೊಳವೆಯ ನಕ್ಷೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಸಂಜೆ ನಾಲ್ಕರ ಮೇಲೆ ಮನೆಯಲ್ಲೇ ಇರುತ್ತೇನೆ.